ಒಂದನೇ ಪುಟದ ಪಕ್ಕ ಹದಿನಾರು

ತಮ್ಮನಿಗೆ,

ನೀನು ಫೋನ್ ಎತ್ತಿದ್ದರೆ ನನಗೆ ಈ ಬರೆಯುವ ಕರ್ಮ ಇರಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ನುಂಗಿಕೊ.

ಇವತ್ತು ಪ್ರೆಸ್ಸಿನಲ್ಲಿ ನಿನ್ನ ಮಗಳ ಕಾದಂಬರಿಯ ಮೊದಲ ಹಾಳೆಯನ್ನು ನಮೂನೆಗೆಂದು ಅಚ್ಚು ಹಾಕಿದರು. ಚಾದರದಷ್ಟು ಅಗಲದ ಹಾಳೆ. ಒಂದನೇ ಪುಟದ ಪಕ್ಕ ಹದಿನಾರು, ಮೇಲಿನ ಸಾಲಿನ ಪುಟಗಳೆಲ್ಲ ತಲೆಕೆಳಗು. "ಮಗು ಎರಡು ವರ್ಷ ಕೂತು ಬರೆದಿದ್ದನ್ನ ಹಾಳು ಮಾಡಿದ್ರಲ್ರೀ!" ಎಂದು ಕೂಗಾಡಿದೆ. ಮುದ್ರಕ ಅದನ್ನು ಮೂರು ಸಲ ಮಡಚಿ ಕೈಗಿಟ್ಟ. ಪುಟಗಳೆಲ್ಲ ಸಾಲಾಗಿ ಕೂತಿದ್ದವು. "ಅತ್ತೆ, ಮಾನ ತೆಗೀಬೇಡ" ಅಂದಳು ನಿನ್ನ ಮಗಳು. ಕಥೆಯಲ್ಲಿ ಬೆಂಕಿ ಉಗುಳುವ ಮುದುಕಿಯೊಬ್ಬಳಿದ್ದಾಳೆ, ಮಾತೆಲ್ಲ ನನ್ನವೇ.

ಪ್ರೆಸ್ಸಿನ ಮಹಡಿ ಹತ್ತಿ ಮಂಡಿ ಊದಿದೆ, ಸಾಯುವಂಥದ್ದೇನಲ್ಲ.

ಅವಳಿಗಿನ್ನೂ ಹದಿನೇಳು. ಪ್ರಕಾಶಕರ ಕರಾರಿಗೆ ಅಪ್ಪನ ಸಹಿಯೇ ಆಗಬೇಕಂತೆ, ನನ್ನದು ನಡೆಯದಂತೆ. ಪರೀಕ್ಷೆ ಮುಗಿಯಲಿ, ಪುಸ್ತಕ ಆಮೇಲೆ ಎಂಬ ನಿನ್ನ ರಾಗ ಸಾಕು. ನನ್ನನ್ನು ಶಾಲೆ ಬಿಡಿಸಿದಾಗ ನಮ್ಮಪ್ಪ ಹೇಳಿದ್ದೂ "ಆಮೇಲೆ ಓದುವಿಯಂತೆ" ಎಂದೇ.

ಸಹಿ ಬಾರದಿದ್ದರೆ ಹದಿಮೂರನೇ ತಾರೀಖಿಗೆ ಯಂತ್ರಕ್ಕೆ ಬೇರೆಯವರ ಪುಸ್ತಕ ಏರುತ್ತದೆ. ಕರಾರನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಸಹಿ ಹಾಕಿ, ಹನ್ನೆರಡನೇ ತಾರೀಖಿನೊಳಗೆ ಇಲ್ಲಿಗೆ ಮುಟ್ಟಿಸು.

ಅಕ್ಕ