ಇನ್ನೆಷ್ಟು ಪ್ರಾಣಿ ಉಳಿದಿವೆ

ಬುಧವಾರ, ಮಾರ್ಚ್ ೧೨

ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ನನ್ನ ಯಜಮಾನರಿಗೆ,

ನಮಸ್ಕಾರ. ಗಂಡನಿಗೆ ಯಾರಾದರೂ ಹೀಗೆ ಬರೆಯುತ್ತಾರಾ ಅಂತ ನಗಬೇಡಿ. ನಮ್ಮ ನುಡಿಗಟ್ಟು ಕೋಶದ ಕಚೇರಿಯ ಕಾಗದ ಮುಂದಿದ್ದರೆ ಕೈ ತಾನಾಗಿಯೇ ಹೀಗೆ ಓಡುತ್ತದೆ.

ಕೋಶಕ್ಕೆಂದು ನಿಮ್ಮ ಸಹಿಗೆ ಕಳಿಸಿದ್ದ ಮೊಲದ ಚೀಟಿ ವಾಪಸ್ ತಲುಪಿತು. ಹುಚ್ಚಾಟ ಆಡುವವರನ್ನು ಇಂಗ್ಲಿಷಿನವರು ಮಾರ್ಚ್ ತಿಂಗಳ ಮೊಲಕ್ಕೆ ಹೋಲಿಸುವುದು ಯಾಕೆ ಅಂತ ಕೇಳಿದ್ದೆ. ಹಿಂಬದಿಯಲ್ಲಿ ನೀವು ಪೆನ್ಸಿಲಿನಲ್ಲಿ ಬರೆದಿದ್ದೀರಿ: ಹುಚ್ಚೇನಲ್ಲ, ಅದು ಬೆದೆಯ ಕಾಲ, ಬೆನ್ನು ಬಿದ್ದ ಗಂಡಿಗೆ ಒಲ್ಲದ ಹೆಣ್ಣು ಎದ್ದು ನಿಂತು ಗುದ್ದುತ್ತದೆ. ಓದಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನ ವ್ಯಾಕರಣದವರು ಕನ್ನಡಕದ ಮೇಲಿಂದ ನೋಡಿದರು. ಬಾವಲಿಯ ಚೀಟಿಯಲ್ಲೂ ಅಷ್ಟೇ, ಅದನ್ನು ಕುರುಡು ಅನ್ನುವವರೇ ಸರಿಯಾಗಿ ನೋಡಿಲ್ಲ ಅಂತ ಬರೆದಿದ್ದಿರಿ. ನಿಮಗೆ ಸಿಟ್ಟು ಬರುವುದು ಪ್ರಾಣಿಗಳ ಪರವಾಗಿ ಮಾತ್ರ.

ನನಗದು ಆವತ್ತೇ ಹೊಳೆಯಬೇಕಿತ್ತು. ನಿಮ್ಮ ಅಕ್ಕನ ಎದುರಿಗೆ, ಊಟಕ್ಕೆ ಕೂತಾಗ, ನಿಮ್ಮ ಜೊತೆ ಮಾತಾಡುವುದೂ ಒಂದೇ, ಆಮೆಯ ಜೊತೆ ಮಾತಾಡುವುದೂ ಒಂದೇ ಅಂದುಬಿಟ್ಟೆ. ನೀವು ಕೈ ತೊಳೆದು ಬಂದು, "ಆಮೆ ಕೇಳಿಸ್ಕೊಳ್ಳುತ್ತೆ ಕಣೇ" ಅಂದಿರಿ. ಮರುದಿನ ಮೃಗಾಲಯದ ಕ್ವಾರ್ಟರ್ಸಿಗೆ ಹೋದವರು ಎರಡು ವರ್ಷವಾದರೂ ಮನೆ ಕಡೆ ತಲೆ ಹಾಕಲಿಲ್ಲ. ತಪ್ಪು ನನ್ನದೇ. ಅದನ್ನು ಹೇಳಲು ಬಾಯಿ ಬರದೆ ಚೀಟಿ ಕಳಿಸುತ್ತಾ ಬಂದೆ. ಪದ ಬಲ್ಲವರು ಬರೆಯಬೇಕು, ಪ್ರಾಣಿ ಬಲ್ಲವರು ಸಹಿ ಹಾಕಬೇಕು ಅನ್ನುವ ಕಚೇರಿಯ ನಿಯಮ ನನಗೆ ಒಳ್ಳೆಯ ನೆಪವಾಯಿತು.

ಇದರ ಜೊತೆ ಇರುವುದು ಕಪ್ಪೆಚಿಪ್ಪಿನ ಚೀಟಿ. ತುಂಬಾ ಖುಷಿಯಾಗಿರುವವರನ್ನು ಇಂಗ್ಲಿಷಿನವರು ಕಪ್ಪೆಚಿಪ್ಪಿಗೆ ಹೋಲಿಸುತ್ತಾರೆ. ಹಳೆಯ ಮಾತು ಇನ್ನೂ ಉದ್ದವಿತ್ತಂತೆ, ಉಬ್ಬರದ ಹೊತ್ತಿನ ಕಪ್ಪೆಚಿಪ್ಪು ಅಂತ. ಸಮುದ್ರ ಇಳಿದಾಗ ಜನ ಬಂದು ಮರಳು ಅಗೆದು ಒಯ್ಯುತ್ತಾರೆ, ನೀರು ಏರಿದಾಗ ಅದು ಯಾರ ಕೈಗೂ ಸಿಗುವುದಿಲ್ಲ. ಬರಬರುತ್ತಾ ಜನ ನೀರನ್ನು ಬಿಟ್ಟು ಖುಷಿಯನ್ನಷ್ಟೇ ಉಳಿಸಿಕೊಂಡರು. ಸರಿಯೇ, ನೋಡಿ ಹೇಳಿ. ನನ್ನನ್ನೂ ಎಲ್ಲರೂ ಆರಾಮಾಗಿದ್ದೀಯಲ್ಲ ಅನ್ನುತ್ತಾರೆ. ಹೂಂ ಅನ್ನುತ್ತೇನೆ. ನಿಮ್ಮ ಅಂಗಿಗೆ ಅಂಟಿ ಬರುತ್ತಿದ್ದ ಹುಲ್ಲು, ಲದ್ದಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಈಗ ಅದಕ್ಕೇ ಹಂಬಲಿಸುತ್ತೇನೆ. ನೀವಿಲ್ಲದೆ ನನಗೆ ಆಗುತ್ತಿಲ್ಲ.

ಮೊನ್ನೆ ಮಗಳು ಕೇಳಿದಳು, "ಅಮ್ಮಾ, ಇನ್ನೆಷ್ಟು ಪ್ರಾಣಿ ಉಳಿದಿವೆ?" ಇದೇ ಕೊನೆಯದು ಅಂದೆ. ಇದಕ್ಕೂ ಸಹಿ ಬಿದ್ದರೆ ನಿಮಗೆ ಬರೆಯಲು ನನ್ನ ಹತ್ತಿರ ಕಾರಣವೇ ಇರುವುದಿಲ್ಲ.

ಇಂತಿ,
ಇನ್ನೂ ನಿಮ್ಮವಳೇ ಆದ
ನಿಮ್ಮ ಹೆಂಡತಿ

ತಾ.ಕ.: ನಿಜ ಹೇಳಿಬಿಡುತ್ತೇನೆ. ಕೋಶ ಅಚ್ಚಾಗಿ ಒಂದು ವರ್ಷವಾಯಿತು. ಆಮೇಲೆ ಕಳಿಸಿದ ಒಂಬತ್ತು ಚೀಟಿಗಳು, ಈ ಹತ್ತನೆಯದೂ, ಯಾವ ಪುಸ್ತಕಕ್ಕೂ ಸೇರಿದ್ದಲ್ಲ. ನಿಮಗೆ ಗೊತ್ತಾಗದ ಹಾಗೆ ನಡೆಸಿದೆ ಅಂತ ಬೀಗುತ್ತಿದ್ದೆ. ನಿನ್ನೆ ಪುಸ್ತಕದಂಗಡಿಯವರು ಹೇಳಿದರು, ಮಾರಾಟಕ್ಕಿಟ್ಟ ಮೊದಲ ದಿನವೇ ನಿಮ್ಮ ಯಜಮಾನರು ಬಂದು ಒಂದು ಪ್ರತಿ ಕೊಂಡರು ಅಂತ. ಹಾಗಿದ್ದೂ ಒಂಬತ್ತಕ್ಕೂ ಉತ್ತರ ಬರೆದಿದ್ದೀರಿ. ಈ ಚೀಟಿಯನ್ನು ಅಂಚೆಗೆ ಹಾಕಬೇಡಿ. ನೀವೇ ತನ್ನಿ.