ಮೂರು ಗಂಟೆಯ ಪಟ್ಟಿ

ಅಕ್ಟೋಬರ್ 3, ಸೋಮವಾರ

ಚಾಪೆಲ್‌ನಲ್ಲಿ ಬೆಳಗಿನ ಪೂಜೆ, ಎರಡು ಕೆಮಿಸ್ಟ್ರಿ ಪೀರಿಯಡ್, ಆಮೇಲೆ ಮೈದಾನ. ಆಫ್‌ಸೈಡ್ ಎಂದರೇನೆಂದು ಕೋಚ್ ಮೂರನೇ ಸಲ ಹೇಳಿಕೊಟ್ಟರು. ಅರ್ಥವಾದವನಂತೆ ತಲೆಯಾಡಿಸಿದೆ. ದೊಡ್ಡ ಫಾದರ್ ಮೂವತ್ತೊಂದು ವರ್ಷ ಸಾಕಿದ ಫುಟ್‌ಬಾಲ್ ಟೀಮು... ಅವರ ಸೊಂಟ ಮುರಿದದ್ದೇ ತಡ, ನನ್ನ ಕೊರಳಿಗೆ ಬಿತ್ತು. ಕಪ್ ಹನ್ನೆರಡು ವರ್ಷದಿಂದ ಈ ಶಾಲೆ ಬಿಟ್ಟು ಕದಲಿಲ್ಲವಂತೆ. ಊಟಕ್ಕೆ ಕೂತಾಗಲೆಲ್ಲ ಪ್ರಿನ್ಸಿಪಾಲ್ ಅದನ್ನೇ ಬಡಿಸುತ್ತಾರೆ. ನನಗೋ ಆಟದ ತಲೆಬುಡ ಗೊತ್ತಿಲ್ಲ. ಹುಡುಗರು ಬೆನ್ನ ಹಿಂದೆ ‘ಟೆಸ್ಟ್‌ಟ್ಯೂಬ್’ ಎನ್ನುತ್ತಾರೆ. ಎನ್ನಲಿ.

ಅಕ್ಟೋಬರ್ 12

ನಮ್ಮ ಗೋಲ್‌ಕೀಪರನನ್ನು ಎಲ್ಲರೂ ಕರೆಯುವುದು ‘ಗೋಡೆ’ ಎಂದು. ಹತ್ತು ದಿನದಿಂದ ಗೋಡೆಯಲ್ಲಿ ತೂತು. ಸುಲಭದ ಬಾಲ್ ಕೂಡ ಒಳಗೆ. ಕೇಳಿದರೆ, ಏನಿಲ್ಲ ಫಾದರ್. ಅಪ್ಪ, ಅಣ್ಣ ಇಬ್ಬರೂ ಇಲ್ಲಿಯ ಗೋಲ್‌ಕೀಪರ್‌ಗಳೇ. ಹಾಲ್‌ನ ಬೋರ್ಡಿನಲ್ಲಿ ಬಂಗಾರದ ಅಕ್ಷರದಲ್ಲಿದ್ದಾರೆ. ಬದಲಿ ಹುಡುಗ ‘ಬೆಕ್ಕು’, ಒಂಬತ್ತನೇ ಕ್ಲಾಸು. ಚೆನ್ನಾಗಿ ಹಾರುತ್ತಾನೆ. ನನ್ನಂಥವನಿಗೂ ಕಾಣುತ್ತದೆ.

ಅಕ್ಟೋಬರ್ 14, ಶುಕ್ರವಾರ, ಮಧ್ಯಾಹ್ನ 3.00

ನಾಳೆ ಫೈನಲ್. ಪಟ್ಟಿ ಮುಗಿಯಿತು. ಗೋಲಿನಲ್ಲಿ ಬೆಕ್ಕು. ಗೋಡೆಯ ಹೆಸರಿಲ್ಲ. ಆಟ ನೋಡಿಯೇ ತೀರ್ಮಾನಿಸಿದ್ದು. ಯಾರಿಗೂ ಹೇಳಿಲ್ಲ. ಏಳಕ್ಕೆ ಚಾಪೆಲ್ ಬಾಗಿಲಿಗೆ ಹಾಕಬೇಕು, ಅದು ಸಂಪ್ರದಾಯ. ಐದಕ್ಕೆ ಟೀಮಿನ ಕನ್ಫೆಶನ್, ಒಬ್ಬೊಬ್ಬರಾಗಿ ಬಂದು ಫಾದರ್ ಮುಂದೆ ತಪ್ಪು ಹೇಳಿಕೊಳ್ಳುವುದು, ಅದೂ ಸಂಪ್ರದಾಯ. ಹಳೇ ಫೈಲಿನಲ್ಲಿ ಹೊತ್ತು ಮಾತ್ರ ಬರೆದಿದೆ, ಯಾರು ಕೂರಬೇಕೆಂದಿಲ್ಲ. ಸದ್ಯ, ಇದೊಂದು ಕೆಲಸವಾದರೂ ನನಗೆ ಬರುತ್ತದೆ. ನಾನೇ ಕೂರುತ್ತೇನೆ.

ಸಂಜೆ 6.20

ಹದಿನೈದು ಹುಡುಗರು. ಮುಗಿಯಿತು. ಬರೆಯುವಂತಿಲ್ಲ. ಕನ್ಫೆಶನ್ ಗೂಡಿನ ಜಾಲರಿಯ ಆಚೆಯಿಂದ ಕೇಳಿದ್ದು ನನ್ನೊಳಗೇ ಸಾಯಬೇಕು. ಡೈರಿಗೂ ಇಲ್ಲ.

ಆದರೆ ಪಟ್ಟಿ ಜೇಬಿನಲ್ಲಿದೆ.

ಒಳಗೆ ಕೇಳಿದ್ದನ್ನು ಇಟ್ಟುಕೊಂಡು ಹೊರಗೆ ಯಾರಿಗೂ ನಷ್ಟ ಮಾಡುವಂತಿಲ್ಲ. ಮಾಡುತ್ತಿಲ್ಲವಲ್ಲ... ಪಟ್ಟಿ ಮೂರು ಗಂಟೆಯದು, ಕೇಳಿದ್ದು ಐದಕ್ಕೆ. ನನಗೆ ಗೊತ್ತು. ಹುಡುಗನಿಗೆ ಗೊತ್ತೇ? ಬಾಗಿಲಲ್ಲಿ ತನ್ನ ಹೆಸರಿಲ್ಲದಿದ್ದರೆ ಏನೆಂದುಕೊಳ್ಳುತ್ತಾನೆ? ಮೊಣಕಾಲೂರಿ ಹೇಳಿಕೊಂಡೆ, ಫಾದರ್ ಗುಟ್ಟು ಮಾರಿಬಿಟ್ಟರು ಎಂದು. ಮತ್ತೆ ಜೀವಮಾನದಲ್ಲಿ ಯಾರ ಮುಂದೆಯೂ ಮೊಣಕಾಲೂರುವುದಿಲ್ಲ. ಯಾವ ಹುಡುಗ ಎಂದು ಬರೆದಿಲ್ಲ. ಬರೆಯುವುದೂ ಇಲ್ಲ. ಈ ಪುಟ ಹರಿಯಬೇಕೇನೋ.

6.45

ದೊಡ್ಡ ಫಾದರ್ ಕೋಣೆಗೆ ಹೋದೆ. ಮಲಗಿದ್ದರು. ಸುತ್ತಿ ಬಳಸಿ ಕೇಳಿದೆ. ಒಬ್ಬ ಫಾದರ್ ಇದ್ದರು ಎಂದುಕೊಳ್ಳಿ, ಹೀಗೊಂದು ಪಟ್ಟಿ ಇತ್ತು ಎಂದುಕೊಳ್ಳಿ... ಅವರು ಅರ್ಧದಲ್ಲೇ ತಡೆದರು.

“ಕನ್ಫೆಶನ್‌ಗೆ ನೀವೇ ಕೂತ್ರಾ?”

ಹೌದೆಂದೆ.

“ಅಲ್ಲಪ್ಪಾ, ಮೂವತ್ತೊಂದು ವರ್ಷದಲ್ಲಿ ನಾನು ಒಂದ್ಸಲಾನೂ ಕೂತಿಲ್ಲ. ಪಕ್ಕದ ಚರ್ಚಿನ ಫಾದರ್ ಬಂದು ಕೇಳೋರು. ಟೀಮ್ ಆರಿಸೋನು ಅಲ್ಲಿ ಕೂರಬಾರದು. ನಿಮಗೆ ಯಾರೂ ಹೇಳಲಿಲ್ವಾ?”

ಹೇಳಲಿಲ್ಲ. ನಾನೂ ಕೇಳಲಿಲ್ಲ. ಗೊತ್ತಿರುವ ಕೆಲಸವೆಂಬ ಜಂಬ. ಮುಂದೇನು ಮಾಡಲಿ ಎಂದೆ. ‘ನನಗೆ ಹೇಳಿದರೂ ಗುಟ್ಟು ಹೊರಹಾಕಿದಂತೆಯೇ, ಸುಮ್ಮನಿರಿ’ ಎಂದು ಅವರು ಕಿಟಕಿಯ ಕಡೆ ತಿರುಗಿದರು.

7.10

ಮೂರು ಗಂಟೆಯದನ್ನು ಡೈರಿಯಲ್ಲಿ ಮಡಚಿಟ್ಟು ಬೇರೆ ಪಟ್ಟಿ ಬರೆದು ಹಾಕಿದೆ. ಗೋಲಿನಲ್ಲಿ ಗೋಡೆ. ಕೋಚ್ ನನ್ನ ಮುಖ ನೋಡಿದರು. ನಾನು ಗುಂಡುಪಿನ್ ನೋಡಿದೆ. ಗೋಡೆ ತನ್ನ ಹೆಸರು ಓದಿದ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಬಿಳಿಚಿಕೊಂಡ. ಯಾಕೆ?

ಅಕ್ಟೋಬರ್ 15, ಸಂಜೆ

3–1. ಸೋತೆವು. ಮೂರು ಗೋಲೂ ಗೋಡೆಯ ಬಲಗಡೆಯಿಂದ ಹೋದವು.

ಕೋಚ್ ಅವನ ಬಲಗೈಯ ಗ್ಲೌಸ್ ಎಳೆದರು, ಬರಲಿಲ್ಲ. ಕತ್ತರಿ ಹಾಕಬೇಕಾಯಿತು. ಮಣಿಕಟ್ಟು ಬನ್ನಿನಂತೆ ಊದಿತ್ತು. ಇವತ್ತಿನ ಪೆಟ್ಟಲ್ಲ, ಹಳೆಯದು. ಇದನ್ನು ಬರೆಯಬಹುದು, ಎಲ್ಲರೂ ನೋಡಿದ್ದಾರೆ.

“ನಿಮಗೆ ಗೊತ್ತಿತ್ತಾ ಫಾದರ್?” ಎಂದರು ಕೋಚ್.

ಹೌದು ಎನ್ನುವಂತಿಲ್ಲ. ಇಲ್ಲ ಎನ್ನುವಂತಿಲ್ಲ. ಕತ್ತರಿಸಿದ ಗ್ಲೌಸ್ ಎತ್ತಿಕೊಂಡೆ. ಪ್ರಿನ್ಸಿಪಾಲ್ ಕೊಡೆ ಮಡಚಿಕೊಂಡು ಹೊರಟುಹೋದರು. ನಾನು ಮಾಡಿದ್ದು ಸರಿಯೇ? ಸರಿಯೆಂದಾದರೆ ಆ ಕೈ ಯಾಕೆ ಹಾಗಿದೆ?

ಅಕ್ಟೋಬರ್ 18, ಬೆಳಿಗ್ಗೆ 8.40, ಲ್ಯಾಬ್

ಈಗಷ್ಟೇ ಗೋಡೆ ಬಂದಿದ್ದ. ಮೊಣಕೈವರೆಗೂ ಪ್ಲಾಸ್ಟರ್. ಕೂರು ಎಂದರೆ ಕೂರಲಿಲ್ಲ.

“ಫಾದರ್, ನೀವು ನನ್ನನ್ನ ಟೀಮಿಂದ ಬಿಟ್ಬಿಡ್ತೀರ ಅಂತಾನೇ ಅವತ್ತು ಕೈ ವಿಷಯ ಹೇಳಿದ್ದು. ಅಪ್ಪನಿಗೆ ಹೇಳೋಕೆ ಆಗ್ಲಿಲ್ಲ. ಕೋಚ್‌ಗೂ ಆಗ್ಲಿಲ್ಲ. ಅಲ್ಲಿ ಮಾತ್ರ ಹೇಳೋಕಾಯ್ತು. ಯಾಕೆ ಆಡಿಸಿದ್ರಿ?”

ಹೊರಗೆ ಆಡಿದ ಮಾತು. ಅವನೇ ಆಡಿದ್ದು. ಬರೆಯಬಹುದೇ? ಗೊತ್ತಿಲ್ಲ. ಬರೆದಾಯಿತು.

ಒಂದು ನಿಮಿಷ ಹೊರಗಿರು ಎಂದೆ. ವರಾಂಡದಲ್ಲಿ ನಿಂತಿದ್ದಾನೆ, ಗಾಜಿನಲ್ಲಿ ಪ್ಲಾಸ್ಟರ್ ಕಾಣುತ್ತಿದೆ. ಮೂರು ಗಂಟೆಯ ಪಟ್ಟಿ ಈ ಡೈರಿಯಲ್ಲೇ ಇದೆ, ಈಗ ನನ್ನ ಕೈಯಲ್ಲಿ. ಇದನ್ನು ತೋರಿಸಿದರೆ ನಿನ್ನನ್ನು ಮೊದಲೇ ಬಿಟ್ಟಿದ್ದೆ, ನೀನು ಬಾಯಿಬಿಟ್ಟದ್ದಕ್ಕೇ ಸೇರಿಸಿದೆ ಎಂದಂತಾಗುತ್ತದೆ. ತೋರಿಸದಿದ್ದರೆ ಅವನ ಮಾತು ನನ್ನ ಕಿವಿಗೇ ಬೀಳಲಿಲ್ಲ ಎಂದಂತಾಗುತ್ತದೆ.

ಬೆಲ್ ಆಯಿತು. ಹೋಗಲಿಲ್ಲ, ಕಾಯುತ್ತಿದ್ದಾನೆ. ಕರೆದು ಅವನಿಗೆ ಪಟ್ಟಿ ಕೊಡುತ್ತೇನೆ, ಓದಿಕೊಳ್ಳಲಿ.