ಊರ ಬಾಗಿಲ ಬ್ಯಾನರ್

ನವೆಂಬರ್ 12, ಮಂಗಳವಾರ

ನನಗೆ ಅತ್ಯುತ್ತಮ ಎಂಜಿನಿಯರ್ ಪ್ರಶಸ್ತಿ ಬಂದಿದೆಯೆಂದು ಊರ ಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದಾರೆ. ಫೋಟೊ ಕಳಿಸಿದ್ದು ತಮ್ಮ ದೊಂಗ್ಯು. ಪ್ರಶಸ್ತಿ ಕೊಡುವ ಸಚಿವಾಲಯ ಇನ್ನೂ ಪ್ರಕಟಿಸಿಲ್ಲ; ಮೊದಲೇ ಸುದ್ದಿ ಹೊರಬಿದ್ದರೆ ಆಯ್ಕೆ ರದ್ದಾಗಬಹುದು ಎಂದು ಎಚ್ಚರಿಸಿದ್ದರು. ನಾನು ಅಮ್ಮನಿಗೆ ಮಾತ್ರ ಹೇಳಿದ್ದೆ. ಅಮ್ಮ ಊರ ಮುಖ್ಯಸ್ಥರಿಗೆ ಮಾತ್ರ ಹೇಳಿದಳಂತೆ.

ಫೋನಿನಲ್ಲಿ "ಇಳಿಸಮ್ಮ" ಎಂದೆ.

"ಈಗ ಇಳಿಸಿದ್ರೆ ಪ್ರಶಸ್ತಿ ವಾಪಸ್ ಕಿತ್ಕೊಂಡ್ರು ಅಂತಾರೆ ಕಣೇ! ಪಕ್ಕದ್ಮನೆಯವಳ ಮಗ ಜಡ್ಜ್ ಆದಾಗ ಅವನ ಬ್ಯಾನರ್ ಬಣ್ಣ ಹೋಗೋವರೆಗೂ ನೇತಾಡ್ತಿತ್ತು."

ಬ್ಯಾನರಿನಲ್ಲಿ, ಹೋದ ವರ್ಷ ತೀರಿಕೊಂಡ ಅಪ್ಪನ ಹೆಸರನ್ನು ನನ್ನದಕ್ಕಿಂತ ದೊಡ್ಡದಾಗಿ ಬರೆಸಿದ್ದಾರೆ: ಪ್ಯೊ ಗ್ವಾಂಗ್‌ಸಿಕ್ ಅವರ ಎರಡನೇ ಮಗಳು. ಸಿಟ್ಟು ಬರಬೇಕಿತ್ತು, ಆದರೆ ಫೋಟೊವನ್ನು ಮತ್ತೆ ಮತ್ತೆ ತೆರೆಯುತ್ತಿದ್ದೇನೆ. ಸಚಿವಾಲಯಕ್ಕೆ ನಾನೇ ತಿಳಿಸಬೇಕೆ, ಸುಮ್ಮನಿರಬೇಕೆ, ಗೊತ್ತಾಗುತ್ತಿಲ್ಲ. ಇಳಿಸು ಎಂದು ಇನ್ನೊಮ್ಮೆ ಹೇಳಲು ಬಾಯಿ ಬರುತ್ತಿಲ್ಲ.

ಪ್ರಕಟಣೆ ಗುರುವಾರ ಬೆಳಿಗ್ಗೆ ಹತ್ತಕ್ಕೆ.